ಬೆಟ್ಟದ ಕೋಟೆ, ಬಯಲಿನ ಜನ

ಕ್ಯಾಲೆಂಡರುಗಳಲ್ಲಿ ಯೂರೋಪಿನ ಕೋಟೆಗಳನ್ನು ಕಂಡು ಬೆರಗಾಗುವ ನಾವು ನಮ್ಮ ಸೀಮೆಯ ಕೋಟೆಗಳತ್ತ ಕಣ್ಣೆತ್ತುವುದು ಅಪರೂಪ. ಗೌನಿಪಲ್ಲಿಯವನಾದ ನನಗೆ ಕೋಟೆಯೆಂದೊಡನೆ ನೆನಪಾಗುವುದು ಪಶ್ಚಿಮದ ನಂದಿದುರ್ಗ, ಅದರಾಚೆಯ ದೇವನಹಳ್ಳಿ.

ದೇವನಹಳ್ಳಿಯಲ್ಲಿ 1501ರಲ್ಲಿ ಮಲ್ಲಬೈರೇಗೌಡನು ಕಟ್ಟಿಸಿದ್ದು ಮಣ್ಣಿನ ಕೋಟೆ. ಈಗಿನ ಕಲ್ಲುಗೋಡೆ ಹೈದರ್-ಟಿಪ್ಪು ಕಾಲದ್ದು. ಮಣ್ಣೆಂದು ಕೀಳಾಗಿ ಕಾಣಬೇಕಿಲ್ಲ. 1494ರಲ್ಲಿ ಫ್ರಾನ್ಸಿನ ಎಂಟನೆಯ ಚಾರ್ಲ್ಸ್ ಫಿರಂಗಿಗಳೊಡನೆ ಇಟಲಿಯನ್ನು ಹೊಕ್ಕ ಮೇಲೆ, ಎತ್ತರದ ಕಲ್ಲುಗೋಡೆಗಳ ಕಾಲ ಅಲ್ಲಿ ಮುಗಿಯತೊಡಗಿತು. ಕೋಟೆ ಕಟ್ಟುವವರು ಗೋಡೆಯನ್ನು ತಗ್ಗಿಸಿ, ದಪ್ಪಗೊಳಿಸಿ, ಒಳಗೆ ಮಣ್ಣು ತುಂಬಿದರು. ಗುಂಡು ತಗುಲಿದರೆ ಕಲ್ಲು ಒಡೆಯುತ್ತದೆ. ಮಣ್ಣು ಅದನ್ನು ನುಂಗಿಕೊಳ್ಳುತ್ತದೆ.

ನಂದಿಯದು ಬೇರೆ ಬಗೆ. ಸುಮಾರು 1,478 ಮೀಟರ್ ಎತ್ತರದ ಬೆಟ್ಟವೇ ಅದರ ಬಲ. ಆದರೂ 1791ರಲ್ಲಿ ಬ್ರಿಟಿಷರು ಆನೆಗಳ ನೆರವಿನಿಂದ ಕಡಿದಾದ ಇಳಿಜಾರಿನಲ್ಲಿ ಫಿರಂಗಿಗಳನ್ನೇರಿಸಿ ಗೋಡೆಯನ್ನು ಒಡೆದರು. ಮೂರು ವಾರಗಳ ಮುತ್ತಿಗೆಯ ನಂತರ, ಅಕ್ಟೋಬರ್ 19ರಂದು ಕೋಟೆ ಅವರ ವಶವಾಯಿತು.

ನನ್ನ ಮನಸ್ಸು ನಿಲ್ಲುವುದು ಸೇನಾಪತಿಗಳ ಬಳಿಯಲ್ಲ. ಅದೇ ವರ್ಷದ ಆರಂಭದಲ್ಲಿ ಕಾರ್ನ್‌ವಾಲಿಸನ ಸೈನ್ಯ ಕೋಲಾರದ ಮಾರ್ಗವಾಗಿ ಬೆಂಗಳೂರಿಗೆ ಸಾಗಿತ್ತು. ಬಯಲಿನ ರೈತರ ರಾಗಿ, ಎತ್ತು, ಮೇವು ಯಾರ ಪಾಲಾದವೋ! ಕೋಟೆಯ ಬಾಗಿಲು ಮುಚ್ಚಿದಾಗ ಹೊರಗುಳಿದವರ ಲೆಕ್ಕವನ್ನು ಯಾವ ಸೇನಾಪತಿ ಇಟ್ಟಾನು?

ಪ್ರಿಯ ವಾಚಕರೇ, ಕೀರ್ತನೆಗಾರನು ದೇವರನ್ನು ದುರ್ಗವೆಂದು ಕರೆಯುವಾಗ ಅದನ್ನು ಕೋಟೆಯೊಳಗಿನ ಅರಸನ ಮಾತಾಗಿ ನಾನು ಓದಲಾರೆ. ಸೌಲನಿಗೆ ಹೆದರಿ ಓಡಿದ ದಾವೀದನಿಗೆ ಕೋಟೆಯಿರಲಿಲ್ಲ, ಅದುಲ್ಲಾಮಿನ ಗವಿಯಿತ್ತು. ಅಲ್ಲಿ ಅವನ ಸುತ್ತ ನೆರೆದವರು ಸಾಲಗಾರರು, ನೊಂದವರು.