ಕಪ್ಪಿಗೆ ಪೌಡರ್ ಬಳಿಯದ ಕ್ಯಾಮೆರಾ

ಅಮೆರಿಕಾ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಎರಡು ಬಗೆಯ ಚಿತ್ರ. ಒಂದು, ಉಳ್ಳವರ ಮನೆಯ ಷೋಕೇಸಿನಲ್ಲಿ ಇರೋದು: ಮುಗಿಲು ಮುಟ್ಟೋ ಕಟ್ಟಡ, ಉದ್ದನೆ ಕಾರು, ಹಿಮದಲ್ಲಿ ನಿಂತು ಹಲ್ಲು ಕಿರಿಯೋ ಅವರ ಅಳಿಯ. ಇನ್ನೊಂದು, ನಾವು ಚಳವಳಿಯ ಕರಪತ್ರಗಳಲ್ಲಿ, ಅಧ್ಯಯನ ಶಿಬಿರಗಳಲ್ಲಿ ನೋಡಿದ್ದು: ಮರಕ್ಕೆ ನೇತುಹಾಕಿದ ಕರಿಯನ ಹೆಣ, ಮೈಮೇಲೆ ಬೀಳೋ ಪೊಲೀಸ್ ನಾಯಿ. ಮೊದಲನೆಯದು ನಮ್ಮದಲ್ಲ. ಎರಡನೆಯದು ನಮ್ಮದೇ ಅಂತ ಎದೆಗೆ ಹಚ್ಚಿಕೊಂಡೆವು. ಆದರೆ ಹೆಣವಾಗದೆ ಉಳಿದ ಕರಿಯ ಬೆಳಗ್ಗೆ ಎದ್ದು ಏನು ಮಾಡ್ತಾನೆ? ಅವನ ಅವ್ವ ಅಡಿಗೆಮನೆಯಲ್ಲಿ ಹೇಗೆ ನಿಂತಿರ್ತಾಳೆ? ಅವನ ಮಗಳು ಹಬ್ಬಕ್ಕೆ ಏನು ಉಡ್ತಾಳೆ? ಇದು ನಮಗೆ ಗೊತ್ತಿರಲಿಲ್ಲ. ಯಾರೂ ತೋರಿಸಿರಲಿಲ್ಲ.

ತೋರಿಸಿದವನು ರಾಯ್ ಡಿಕರಾವಾ ಅನ್ನೋ ಕರಿಯ ಛಾಯಾಗ್ರಾಹಕ.

ಈತ ಹುಟ್ಟಿದ್ದು 1919ರಲ್ಲಿ, ನ್ಯೂಯಾರ್ಕ್ ನಗರದ ಹಾರ್ಲೆಮಿನಲ್ಲಿ. ಹಾರ್ಲೆಮ್ ಅಂದರೆ ಆ ಮಹಾನಗರದ ಒಳಗಿನ ಕರಿಯರ ಕೇರಿ. ಬಾಬಾಸಾಹೇಬರು 1913ರಿಂದ 1916ರವರೆಗೆ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯ ಇರೋದು ಇದರ ಮಗ್ಗುಲಲ್ಲೇ. ಅವರು ಅಲ್ಲಿಂದ ಹೊರಟ ಮೂರು ವರ್ಷಕ್ಕೆ ಈ ಕೂಸು ಹುಟ್ಟಿತು. ಜಮೈಕಾ ಮೂಲದ ತಾಯಿ ಒಬ್ಬಳೇ ಸಾಕಿದಳು. ಹುಡುಗನಿಗೆ ಚಿತ್ರ ಬರೆಯೋ ಹುಚ್ಚು. 1938ರಲ್ಲಿ ಕೂಪರ್ ಯೂನಿಯನ್ ಎಂಬ ಹೆಸರಾಂತ ಸಂಸ್ಥೆಯಲ್ಲಿ ಚಿತ್ರಕಲೆಗೆ ಸೇರಿದ. ಅಲ್ಲಿನ ಬಿಳಿಯರ ತಾತ್ಸಾರ ತಾಳಲಾರದೆ ಎರಡೇ ವರ್ಷಕ್ಕೆ ಬಿಟ್ಟು, ಹಾರ್ಲೆಮಿನ ಜನರ ಕಲಾಕೇಂದ್ರಕ್ಕೆ ವಾಪಸು ಬಂದ. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೀಟು ಸಿಗುತ್ತೆ, ಜಾಗ ಸಿಗೋದಿಲ್ಲ.

ಮೊದಮೊದಲು ಕ್ಯಾಮೆರಾ ಹಿಡಿದದ್ದು ಬಣ್ಣದ ಚಿತ್ರ ಬರೆಯೋಕೆ ಗುರುತು ಮಾಡಿಕೊಳ್ಳಲು. 1940ರ ದಶಕ ಮುಗಿಯುವ ಹೊತ್ತಿಗೆ ಕುಂಚ ಹಿಂದೆ ಸರಿದು ಕ್ಯಾಮೆರಾ ಕೈಯಲ್ಲಿ ಉಳಿಯಿತು. 1952ರಲ್ಲಿ ಗುಗೆನ್‌ಹೈಮ್ ಫೆಲೋಶಿಪ್ ಬಂತು. ಅದನ್ನು ಪಡೆದ ಮೊದಲ ಕರಿಯ ಛಾಯಾಗ್ರಾಹಕ ಇವನೇ. 3,200 ಡಾಲರು. ಬೇರೆಯವರಾಗಿದ್ದರೆ ಆ ಹಣದಲ್ಲಿ ದೇಶ ಸುತ್ತುತ್ತಿದ್ದರು. ಈತ ತನ್ನ ಕೇರಿಯನ್ನೇ ಒಂದು ವರ್ಷ ನಡೆದ. ಸಮಾಜಶಾಸ್ತ್ರದ ದಾಖಲೆ ತೆಗೆಯೋದು ತನ್ನ ಕೆಲಸವಲ್ಲ ಅಂತ ಅರ್ಜಿಯಲ್ಲೇ ಹೇಳಿಬಿಟ್ಟಿದ್ದ. ಕರಿಯರ ಬದುಕನ್ನು ಅದರ ಒಳಗೇ ನಿಂತು ಒಬ್ಬ ಕಲಾವಿದ ಹೇಗೆ ಕಾಣುತ್ತಾನೋ ಹಾಗೆ ಕಾಣಿಸಬೇಕು ಅನ್ನೋದು ಅವನ ಹಟ.

ಸಾವಿರಾರು ಚಿತ್ರ ತೆಗೆದ. ಅಚ್ಚು ಹಾಕೋರು ಸಿಗಲಿಲ್ಲ. ಕರಿಯರು ನಗೋದನ್ನು, ಮಗುವಿನ ಜತೆ ಆಡೋದನ್ನು ಯಾರು ಕಾಸು ಕೊಟ್ಟು ಕೊಳ್ತಾರೆ? ಕೊನೆಗೆ ಹಾರ್ಲೆಮಿನ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಹತ್ತಿರ ಹೊತ್ತೊಯ್ದ. ಹ್ಯೂಸ್ ಆ ಚಿತ್ರಗಳಲ್ಲಿ ಬೇಕಾದವನ್ನು ಆರಿಸಿ, ಜೋಡಿಸಿ, ಅವಕ್ಕೊಂದು ಕತೆ ಕಟ್ಟಿದ. 1955ರಲ್ಲಿ ಅಂಗೈಯಗಲದ ಪುಸ್ತಕವಾಗಿ ಹೊರಬಂತು: 'ದಿ ಸ್ವೀಟ್ ಫ್ಲೈಪೇಪರ್ ಆಫ್ ಲೈಫ್'. ಫ್ಲೈಪೇಪರ್ ಅಂದರೆ ನೊಣ ಹಿಡಿಯೋ ಅಂಟುಕಾಗದ. ಬದುಕು ಅಂಥ ಸಿಹಿ ಅಂಟು. ಕಾಲಿಟ್ಟವರು ಬಿಡಿಸಿಕೊಳ್ಳೋಕೆ ಆಗೋದಿಲ್ಲ, ಬಿಡಿಸಿಕೊಳ್ಳೋ ಮನಸ್ಸೂ ಇಲ್ಲ. ಪುಸ್ತಕ ಬಂದ ಮೇಲೂ ಡಿಕರಾವಾನ ಹೊಟ್ಟೆಪಾಡು ತೀರಲಿಲ್ಲ. 1958ರವರೆಗೆ ಕಂಪನಿಗಳಿಗೆ ಚಿತ್ರ ಬರೆದುಕೊಟ್ಟೇ ಅನ್ನ ಉಂಡ.

2018ರಲ್ಲಿ ಮರುಮುದ್ರಣವಾದ ಇದರ ಒಂದು ಪ್ರತಿಯನ್ನು ಗೆಳೆಯನೊಬ್ಬ ಎಲ್ಲಿಂದಲೋ ಹೊಂದಿಸಿ ತಂದ. ಹಾಸ್ಟೆಲಿನ ರೂಮಿನಲ್ಲಿ ಒಂದೇ ಮಂಚದ ಮೇಲೆ ನಾಲ್ಕು ಜನ ಕೂತು ನೋಡಿದೆವು. ಕತೆ ಹೇಳೋಳು ಸಿಸ್ಟರ್ ಮೇರಿ ಬ್ರ್ಯಾಡ್ಲಿ ಅನ್ನೋ ಅಜ್ಜಿ. ಅವಳು ಹ್ಯೂಸ್ ಕಟ್ಟಿದ ಪಾತ್ರ. ಚಿತ್ರದಲ್ಲಿರೋ ಮುಖಗಳು ಮಾತ್ರ ಹಾರ್ಲೆಮಿನ ನಿಜವಾದ ಜನರವು. ಅಜ್ಜಿಗೆ ದೇವರಿಂದ ತಂತಿ ಬರುತ್ತೆ, ಬಾ ಅಂತ. ಅಜ್ಜಿ ಬರೋಲ್ಲ ಅನ್ನುತ್ತಾಳೆ. ಮೊಮ್ಮಕ್ಕಳ ಪಾಡು ನೋಡಬೇಕು. ಕರಿಯರ ಮಕ್ಕಳೂ ಬಿಳಿಯರ ಮಕ್ಕಳೂ ಒಂದೇ ಶಾಲೆಯಲ್ಲಿ ಕೂರಬೇಕು ಅಂತ ಸುಪ್ರೀಂ ಕೋರ್ಟು 1954ರಲ್ಲಿ ಹೇಳಿದೆಯಲ್ಲ, ಅದು ಹೇಗಾಗುತ್ತೋ ಕಣ್ಣಾರೆ ನೋಡದೆ ಹೇಗೆ ಹೋಗೋದು? ರಜೆಗೆ ಊರಿಗೆ ಹೋದಾಗ ಇದನ್ನು ನಮ್ಮವ್ವನಿಗೆ ಓದಿ ಹೇಳಿದೆವು. ಅವ್ವ ಮೊರದಿಂದ ತಲೆ ಎತ್ತದೆ ಅಂದಳು: "ಸರ್ಯಾಗೇ ಹೇಳವ್ಳೆ ಕಣ್ಲಾ. ನಮ್ಮಂತೋರ್ಗೆ ಸಾಯಕ್ಕೂ ಪುರ್ಸೊತ್ತು ಎಲ್ಲೈತೆ?"

ಹಾರ್ಲೆಮಿನ ಅಜ್ಜಿಗೆ ನಮ್ಮವ್ವ ಕೊಟ್ಟ ಉತ್ತರ ಅದು. ನಡುವೆ ಯಾವ ಪಂಡಿತನೂ ಬೇಕಾಗಲಿಲ್ಲ.

ಡಿಕರಾವಾನ ಚಿತ್ರಗಳಲ್ಲಿ ದೊಡ್ಡದೇನೂ ನಡೆಯೋದಿಲ್ಲ. ಒಬ್ಬ ದುಡಿದು ದಣಿದು ನೆಲದಡಿಯ ರೈಲಿನಿಂದ ಮೆಟ್ಟಿಲು ಹತ್ತಿ ಬರ್ತಾನೆ, 1952ರ ಚಿತ್ರ. ಅವನ ಮೈಯ ಭಾರವನ್ನೆಲ್ಲ ಆ ಹತ್ತುವ ಹೆಜ್ಜೆಯಲ್ಲೇ ಓದಬಹುದು. 1953ರಲ್ಲಿ ತೆಗೆದ ಇನ್ನೊಂದು ಚಿತ್ರದಲ್ಲಿ ಮನುಷ್ಯರೇ ಇಲ್ಲ. ಬಡವರ ವಠಾರದ ಒಳದಾರಿ, ಇಬ್ಬರು ಎದುರುಬದರು ಬಂದರೆ ಭುಜ ತಾಕುವಷ್ಟು ಇಕ್ಕಟ್ಟು, ಮಂಕು ದೀಪ. ಬಡವರಿಗೆ ಅಂತ ಮನೆ ಕಟ್ಟುವವನು ಗಾಳಿಯಲ್ಲೂ ಬೆಳಕಿನಲ್ಲೂ ಕಾಸು ಉಳಿಸಿಕೊಂಡ ಲೆಕ್ಕ ಆ ಗೋಡೆಗಳ ಮೇಲಿದೆ. ಹಾಗಂತ ಆ ಚಿತ್ರ ಬರೀ ದೂರಲ್ಲ. ಅಂಥದೇ ಓಣಿಗಳಲ್ಲಿ ಬೆಳೆದ ಹುಡುಗನ ಕಣ್ಣು ಅದು. ಹೆದರಿಕೆಯೂ ಇದೆ, ನಂಟೂ ಇದೆ.

ನಮ್ಮನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು 1949ರ ಒಂದು ಚಿತ್ರ. ಹೆಸರು 'ಗ್ರ್ಯಾಜುಯೇಷನ್'. ಅಚ್ಚ ಬಿಳಿಯ ಉದ್ದನೆ ಉಡುಪು ತೊಟ್ಟ ಕರಿಯ ಹುಡುಗಿಯೊಬ್ಬಳು ಒಬ್ಬಳೇ ನಡೆದು ಹೋಗ್ತಿದ್ದಾಳೆ. ಪಕ್ಕದಲ್ಲಿ ಕಸ ತುಂಬಿದ ಪಾಳುನಿವೇಶನ. ಅಲ್ಲೇ ಹೊಸ ಕಾರಿನ ಜಾಹೀರಾತು. ಅವಳು ನಿಂತಿರೋದು ಬಿಸಿಲಲ್ಲಿ, ಮುಂದಿಡೋ ಹೆಜ್ಜೆ ನೆರಳಿಗೆ. ಜತೆಗೆ ಬ್ಯಾಂಡಿಲ್ಲ, ಹಾರವಿಲ್ಲ. ಉಡುಪಿನ ಅಂಚಿಗೆ ಕೊಳೆ ತಾಕದಂತೆ ಅವಳು ನಡೀಬೇಕು.

ನಮ್ಮ ಘಟಿಕೋತ್ಸವದ ದಿನ ನಾವೂ ಬಾಡಿಗೆ ಗೌನು ತೊಟ್ಟಿದ್ದೆವು. ಸಂಜೆಯೊಳಗೆ ವಾಪಸು ಕೊಡದಿದ್ದರೆ ದಂಡ. ಅಪ್ಪ ಅವ್ವ ಕೂಲಿ ಬಿಟ್ಟು ಬಂದಿರಲಿಲ್ಲ. ಆ ಹುಡುಗಿ ಎಲ್ಲಿಗೆ ಹೋಗ್ತಿದ್ದಾಳೆ ಅಂತ ವಿಮರ್ಶಕರು ಕೇಳಬಹುದು. ನಾವು ಕೇಳೋದಿಲ್ಲ. ನಮಗೆ ಗೊತ್ತು.

ಇನ್ನು ಕಪ್ಪಿನ ಮಾತು. ಡಿಕರಾವಾನ ಚಿತ್ರ ಮೊದಲ ಸಲ ನೋಡಿದವರು 'ಯಾಕೆ ಇಷ್ಟು ಕತ್ತಲೆ?' ಅಂತಾರೆ. ಈತ ಫ್ಲ್ಯಾಶ್ ಬಳಸುತ್ತಿರಲಿಲ್ಲ. ಆ ಮನೆಯಲ್ಲಿ, ಆ ಬೀದಿಯಲ್ಲಿ ಎಷ್ಟು ಬೆಳಕಿದೆಯೋ ಅಷ್ಟೇ. ಆಮೇಲೆ ಡಾರ್ಕ್‌ರೂಮಿನಲ್ಲಿ ತನ್ನ ಕೈಯಾರೆ ಮುದ್ರಿಸುವಾಗಲೂ ಆ ಕಪ್ಪನ್ನು ತೊಳೆದು ಹಾಕಲಿಲ್ಲ. ಒಂದು ನಿಮಿಷ ಸುಮ್ಮನೆ ನೋಡ್ತಾ ಕೂತರೆ ಕಣ್ಣು ಹೊಂದಿಕೊಳ್ಳುತ್ತೆ. ರಾತ್ರಿ ದೀಪ ಆರಿಸಿದ ಮೇಲೆ ನಮ್ಮ ಗುಡಿಸಲೊಳಗೆ ಮೆಲ್ಲಗೆ ಒಲೆ, ಮಡಕೆ, ಮಲಗಿದ ತಂಗಿಯ ಕಾಲು ಕಾಣಿಸಿಕೊಳ್ಳೋ ಹಾಗೆ, ಆ ಕಪ್ಪಿನೊಳಗೆ ಹತ್ತಾರು ಬೂದು, ಕೆನ್ನೆ, ಬೆರಳು, ನಗೆ ಎದ್ದು ಬರುತ್ತವೆ. ಕಪ್ಪು ಅಂದರೆ ಏನೂ ಇಲ್ಲದ ಜಾಗ ಅಂತ ಯಾರು ಹೇಳಿದ್ದು?

ಬೆಳಕು ಅಳೆಯೋ ಮೀಟರಿಗೆ ಎದುರಿಗಿರೋದೆಲ್ಲ ನಡುಬೂದು. ಬಿಳಿ ಗೋಡೆಯ ಮುಂದೆ ಕಪ್ಪು ಮುಖ ನಿಲ್ಲಿಸಿ ಅದು ಹೇಳಿದ ಹಾಗೇ ಕೇಳಿದರೆ ಗೋಡೆ ಚೆನ್ನಾಗಿ ಬರುತ್ತೆ, ಮುಖ ಮಸಿಯಾಗುತ್ತೆ. ಆಗ ತಪ್ಪು ಯಾರದು? ಮುಖದ್ದೇ ಅಂತಾರೆ! ಸ್ಕಾಲರ್‌ಶಿಪ್ ಅರ್ಜಿಗೆ ಫೋಟೊ ತೆಗೆಸಲು ತಾಲ್ಲೂಕು ಕೇಂದ್ರದ ಸ್ಟುಡಿಯೋಗೆ ಹೋದಾಗ ಅಲ್ಲಿದ್ದ ಪೌಡರ್ ಡಬ್ಬಿ ನಮ್ಮ ಕಡೆ ತಳ್ಳಿದ್ದರು. ಸಾಲದು ಅಂತ ಕಂಪ್ಯೂಟರಿನಲ್ಲೂ ನಾಲ್ಕು ಸುತ್ತು ಬೆಳ್ಳಗೆ ಮಾಡಿದರು. ಕೇಳಿದ್ದಕ್ಕೆ "ಲುಕ್ ಬರುತ್ತೆ ಬಿಡ್ರಿ" ಅಂದರು. ಆ ಫೋಟೊದಲ್ಲಿ ಲುಕ್ ಇದೆ, ನಾವಿಲ್ಲ. ಮನುಷ್ಯನನ್ನು ಕಾಣಬೇಕು ಅಂದರೆ ಅವನನ್ನು ಬೆಳ್ಳಗೆ ಮಾಡಬೇಕಾಗಿಲ್ಲ, ನೋಡುವವನು ಕಣ್ಣು ಹೊಂದಿಸಿಕೊಳ್ಳಬೇಕು. ಇದು ಡಿಕರಾವಾ ಕಲಿಸಿದ ಪಾಠ. ಇದರಲ್ಲಿ ರಾಜಕೀಯ ಇಲ್ಲ ಅನ್ನುವವರು ಪೌಡರ್ ಡಬ್ಬಿ ಹಿಡಿದವರೇ ಇರಬೇಕು.

ನಮ್ಮಜ್ಜಿ ತೀರಿಕೊಂಡಾಗ ಮನೆಯಲ್ಲಿ ಒಂದು ಫೋಟೊ ಇರಲಿಲ್ಲ. ಎಪ್ಪತ್ತು ವರ್ಷ ಗೇಯ್ದವಳು, ಊರ ಅರ್ಧ ಮಕ್ಕಳ ಹೊಕ್ಕುಳ ಕೊಯ್ದವಳು. ಕೊನೆಗೆ ಆಧಾರ್ ಕಾರ್ಡಿನಲ್ಲಿದ್ದ ಉಗುರಗಲದ ಮುಖವನ್ನು ದೊಡ್ಡದು ಮಾಡಿಸಿ ಹಾರ ಹಾಕಿದೆವು. ದೊಡ್ಡದಾದಷ್ಟೂ ಮುಖ ಒಡೆದು ಚುಕ್ಕಿ ಚುಕ್ಕಿಯಾಯಿತು. ಅದು ಸರ್ಕಾರ ಲೆಕ್ಕಕ್ಕೆ ಹಿಡಿದ ಅಜ್ಜಿ. ಮೊಮ್ಮಕ್ಕಳ ತಲೆ ಬಾಚೋ ಅಜ್ಜಿ, ಎಲೆಯಡಿಕೆ ಕುಟ್ಟೋ ಅಜ್ಜಿ, ಸೋಬಾನೆ ಹೇಳಿ ನಾಚೋ ಅಜ್ಜಿ ಎಲ್ಲೂ ಇಲ್ಲ. ಹಾರ್ಲೆಮಿನ ಅಜ್ಜಿಗೆ ಒಬ್ಬ ಡಿಕರಾವಾ ಇದ್ದ. ಪುಸ್ತಕದ ಕೊನೆಯಲ್ಲಿ ಅವಳು ತನ್ನ ಒಳ್ಳೇ ಬಟ್ಟೆ ತೊಟ್ಟು, ನೆಟ್ಟಗೆ ನಿಂತು, ನಮ್ಮನ್ನೇ ನೋಡುತ್ತಾಳೆ.

ಚಳವಳಿಯ ಗೆಳೆಯರು ಕೇಳ್ತಾರೆ: 'ಜನ ಸಾಯ್ತಿರುವಾಗ ಅಡಿಗೆಮನೆ ಚಿತ್ರ ತೆಗೆದು ಕೂತರೆ ಹೋರಾಟಕ್ಕೇನು ಬಂತು?' ನ್ಯಾಯವಾದ ಪ್ರಶ್ನೆ. 1955ನೇ ಇಸವಿಯನ್ನೇ ನೋಡೋಣ. ಆ ಆಗಸ್ಟಿನಲ್ಲಿ ಮಿಸಿಸಿಪಿಯಲ್ಲಿ 14 ವರ್ಷದ ಎಮೆಟ್ ಟಿಲ್‌ನನ್ನು ಬಿಳಿಯರು ಕೊಂದರು. ಅವನ ತಾಯಿ ಮೇಮಿ ಶಿಕಾಗೋದಲ್ಲಿ ಶವಪೆಟ್ಟಿಗೆಯ ಮುಚ್ಚಳ ತೆರೆದಿಟ್ಟಳು, ನನ್ನ ಮಗನಿಗೆ ಏನು ಮಾಡಿದ್ದಾರೆ ಜಗತ್ತು ನೋಡಲಿ ಅಂತ. ಕರಿಯರ ಪತ್ರಿಕೆ 'ಜೆಟ್' ಆ ಮುಖವನ್ನು ಅಚ್ಚು ಹಾಕಿತು. ನವೆಂಬರಿನಲ್ಲಿ ಸ್ವಿಟ್ಜರ್‌ಲೆಂಡಿನಿಂದ ಬಂದಿದ್ದ ರಾಬರ್ಟ್ ಫ್ರಾಂಕ್ ಎಂಬಾತ ನ್ಯೂ ಆರ್ಲಿಯನ್ಸಿನಲ್ಲಿ ಒಂದು ಟ್ರಾಮಿನ ಚಿತ್ರ ತೆಗೆದ. ಮುಂದಿನ ಕಿಟಕಿಗಳಲ್ಲಿ ಬಿಳಿಯರು, ಹಿಂದಿನ ಕಿಟಕಿಗಳಲ್ಲಿ ಕರಿಯರು, ಜಾತಿಯ ಏಣಿಯನ್ನು ಅಡ್ಡ ಮಲಗಿಸಿದ ಹಾಗೆ. ಕೆಲವೇ ದಿನ ಕಳೆದು, ಡಿಸೆಂಬರ್ 1ರಂದು, ಮಾಂಟ್‌ಗೊಮೆರಿಯ ಬಸ್ಸಿನಲ್ಲಿ ರೋಸಾ ಪಾರ್ಕ್ಸ್ ಸೀಟು ಬಿಟ್ಟು ಏಳೋಲ್ಲ ಅಂದಳು. ಹ್ಯೂಸ್-ಡಿಕರಾವಾ ಪುಸ್ತಕ ಬಂದದ್ದೂ ಅದೇ ವರ್ಷ.

ಟಿಲ್‌ನ ಮುಖ ಕೊಂದವರ ಪಾಪ ಹೇಳುತ್ತೆ. ಫ್ರಾಂಕನ ಟ್ರಾಮು ವ್ಯವಸ್ಥೆಯ ಕಟ್ಟು ಹೇಳುತ್ತೆ. ಕೊಂದವರು ಕಳೆದದ್ದು ಏನನ್ನು ಅಂತ ಹೇಳೋದು ಡಿಕರಾವಾನ ಚಿತ್ರ. ಮೂರೂ ಬೇಕು. ಆದರೆ ನಮಗೆ ಸಿಕ್ಕಿದ್ದು ಬರೀ ಮೊದಲನೆಯದು. ನಮ್ಮವರು ಪತ್ರಿಕೆಯ ಮೊದಲ ಪುಟಕ್ಕೆ ಬರಬೇಕಾದರೆ ಸಾಯಬೇಕು. 2000ದ ಮಾರ್ಚಿಯಲ್ಲಿ 7 ಜನ ದಲಿತರನ್ನು ಸುಟ್ಟ ಮೇಲೆ ನಾಡಿಗೆ ಕಂಬಾಲಪಲ್ಲಿ ಅನ್ನೋ ಊರಿನ ಹೆಸರು ಗೊತ್ತಾಯಿತು. ಹೆಣವಾಗಿಯೇ ನೋಡಿ ನೋಡಿ ರೂಢಿಯಾದವರಿಗೆ ನಾವು ಬದುಕಿರೋದೇ ಆಶ್ಚರ್ಯ.

ಡಿಕರಾವಾ ಅಡಿಗೆಮನೆಯಲ್ಲೇ ಕೂರಲಿಲ್ಲ ಅನ್ನೋದನ್ನೂ ಹೇಳಬೇಕು. 1963ರ ಆಗಸ್ಟ್ 28ರಂದು ಲಕ್ಷಾಂತರ ಜನ ವಾಷಿಂಗ್ಟನ್ನಿಗೆ ನಡೆದಾಗ ಅವನೂ ಅಲ್ಲಿದ್ದ. ಎಲ್ಲರೂ ಜನಸಾಗರ ತೆಗೆದರು. ಅವನು ಮಿಸಿಸಿಪಿಯಿಂದ ಬಂದ ಹುಡುಗಿಯೊಬ್ಬಳ ಮುಖವನ್ನು ಹತ್ತಿರದಿಂದ ತೆಗೆದ. ಆ ಒಂದು ಮುಖದಲ್ಲಿ ಮೆರವಣಿಗೆ ಇದೆ. 1969ರಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ವಸ್ತುಸಂಗ್ರಹಾಲಯ ಹಾರ್ಲೆಮಿನ ಬಗ್ಗೆ ಭಾರಿ ಪ್ರದರ್ಶನ ಇಟ್ಟಿತು, ಹಾರ್ಲೆಮಿನ ಚಿತ್ರಕಾರರನ್ನೂ ಶಿಲ್ಪಿಗಳನ್ನೂ ಹೊರಗಿಟ್ಟು. ಕರೆದರೂ ಈತ ತನ್ನ ಚಿತ್ರ ಕೊಡಲಿಲ್ಲ. ಭಿತ್ತಿಫಲಕ ಹಿಡಿದು ಬಾಗಿಲಲ್ಲಿ ನಿಂತ. ಕೇರಿಯನ್ನು ಪ್ರೀತಿಸೋದೂ ಕೇರಿಯ ಹೆಸರಲ್ಲಿ ವ್ಯಾಪಾರ ಮಾಡುವವರನ್ನು ತಡೆಯೋದೂ ಅವನಿಗೆ ಒಂದೇ ಕೆಲಸವಾಗಿತ್ತು.

ಓಕ್ಲೆಂಡಿನಲ್ಲಿ 1966ರಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರನ್ನು ನಮ್ಮ ಹಿರಿಯರು 1972ರಲ್ಲಿ ಮುಂಬಯಿಗೆ ತಂದರು, ದಲಿತ ಪ್ಯಾಂಥರ್ಸ್ ಕಟ್ಟಿದರು. ಆ ಕರಿಯರ ಸಿಟ್ಟನ್ನು ನಾವು ಕಡ ತಂದೆವು, ಒಳ್ಳೆಯದಾಯಿತು. ಅವರ ಅಡಿಗೆಮನೆಯ ಬೆಳಕನ್ನು ತರೋದು ಬಾಕಿ ಇದೆ.

1963ರಲ್ಲಿ ನ್ಯೂಯಾರ್ಕಿನ ಕರಿಯ ಛಾಯಾಗ್ರಾಹಕರು ಸೇರಿ ಕಮೋಯಿಂಗೆ ಎಂಬ ಕೂಟ ಕಟ್ಟಿಕೊಂಡರು. ಕೆನ್ಯಾದ ಕಿಕುಯು ನುಡಿಯಲ್ಲಿ ಆ ಮಾತಿಗೆ ಒಟ್ಟಾಗಿ ದುಡಿಯುವ ಜನ ಅಂತ ಅರ್ಥ. ಡಿಕರಾವಾ ಅದರ ಮೊದಲ ನಿರ್ದೇಶಕ. 1975ರಿಂದ 2009ರಲ್ಲಿ ಸಾಯುವವರೆಗೂ ಹಂಟರ್ ಕಾಲೇಜಿನಲ್ಲಿ ಮೇಷ್ಟರಾಗಿದ್ದ. ಅಂದರೆ ತಾನೊಬ್ಬ ನೋಡಿದರೆ ಸಾಲದು, ನೋಡುವ ಕಣ್ಣುಗಳು ಬೆಳೆಯಬೇಕು ಅಂತ ತಿಳಿದಿದ್ದ.

ಹಳ್ಳಿಯ ಮೇಷ್ಟರೇ, ಹಾಸ್ಟೆಲಿನ ಗೆಳೆಯ ಗೆಳತಿಯರೇ, ಇವತ್ತು ಕೇರಿ ಕೇರಿಯಲ್ಲಿ ಮೊಬೈಲಿದೆ, ಅದರೊಳಗೆ ಕ್ಯಾಮೆರಾ ಇದೆ. ಮುಖ ಬೆಳ್ಳಗೆ ಮಾಡೋ ಗುಂಡಿಯೂ ಅದರಲ್ಲೇ ಇದೆ. ಮೊದಲು ಅದನ್ನು ಆರಿಸಿ. ಮಕ್ಕಳ ಕೈಗೆ ಕೊಟ್ಟು, ಅವ್ವ ಒಲೆ ಊದೋದನ್ನು, ಅಪ್ಪ ಚಪ್ಪಲಿ ಕಳಚಿ ಗೋಡೆಗೆ ಒರಗೋದನ್ನು, ಅಕ್ಕ ಹೆರಳು ಹಾಕಿಕೊಳ್ಳೋದನ್ನು ತೆಗೆಯಲು ಹೇಳಿ. ಅವರನ್ನು ಕೇಳಿ ತೆಗೀಲಿ, ತೆಗೆದದ್ದನ್ನು ಅವರಿಗೇ ತೋರಿಸಲಿ. ಬೆಳಕು ಕಮ್ಮಿ ಇದ್ದರೆ ಇರಲಿ. ಚಿತ್ರವನ್ನು ಕಾಗದದ ಮೇಲೆ ಹಾಕಿಸಿ, ಹಿಂದುಗಡೆ ಹೆಸರು, ಊರು, ಇಸವಿ ಬರೆದಿಡಿ. ಹೆಸರು ಪೂರ್ತಿ ಬರೀರಿ. ಊರವರು ಕೂಗೋ ಅರ್ಧ ಹೆಸರು ಬೇಡ.