ಟ್ರಂಕಿನಲ್ಲಿದ್ದ ನಲವತ್ಮೂರು ಪುಸ್ತಕಗಳು



2025ರ ಮಳೆಗಾಲದಲ್ಲಿ ನಮ್ಮ ಮನೆಯ ಮಾಡು ಸೋರಿತು. ಹೆಂಚು ಸರಿಪಡಿಸಲು ಬಂದವರು ಅಟ್ಟದ ಮೇಲಿದ್ದ ತಗಡಿನ ಟ್ರಂಕೊಂದನ್ನು ಕೆಳಗಿಳಿಸಿ ಜಗಲಿಯ ಮೇಲಿಟ್ಟು ಹೋದರು. 2003ರಲ್ಲಿ ನಿವೃತ್ತನಾದಾಗ ಶಾಲೆಯಿಂದ ಮನೆಗೆ ತಂದಿದ್ದ ಆ ಟ್ರಂಕನ್ನು ನಾನು ಮತ್ತೆ ತೆರೆದಿರಲಿಲ್ಲ. ತೆರೆದು ನೋಡಿದರೆ ಒಳಗೆ ನಲವತ್ಮೂರು ಚಿತ್ರಕಥೆಯ ಪುಸ್ತಕಗಳು. ಅವುಗಳಲ್ಲಿ ಒಂದನ್ನೂ ನಾನು ಹಣ ಕೊಟ್ಟು ಕೊಂಡದ್ದಲ್ಲ. ಭೂಗೋಳದ ಪಠ್ಯಪುಸ್ತಕದ ನಡುವೆ ಅಡಗಿಸಿಟ್ಟುಕೊಂಡು ಓದುತ್ತಿದ್ದ ಮಕ್ಕಳಿಂದ ನಾನು ಕಿತ್ತುಕೊಂಡವು. ಇದನ್ನು ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಈಗಲೇ ಕಿವಿ ಬಿಸಿಯಾಗಿರಬಹುದು.

ಆ ಕಾಲದ ನನ್ನ ನಿಯಮ ನಿಮಗೆ ನೆನಪಿದೆ. ಪುಸ್ತಕ ಮರಳಿ ಬೇಕಾದರೆ ತಂದೆಯವರನ್ನು ಕರೆತರಬೇಕು, ತಪ್ಪೊಪ್ಪಿಗೆಯ ಪತ್ರ ಬರೆದುಕೊಡಬೇಕು. ಯಾರೂ ಬರಲಿಲ್ಲ. ತೋಟದ ಕೆಲಸ ಬಿಟ್ಟು ಮಗನ ಚಿತ್ರಪುಸ್ತಕಕ್ಕಾಗಿ ಶಾಲೆಗೆ ಯಾವ ತಂದೆ ಬಂದಾನು?

ಟ್ರಂಕಿನಲ್ಲಿದ್ದವು ಮುಖ್ಯವಾಗಿ ಎರಡು ಬಗೆಯವು. ಮೊದಲನೆಯವು ಇಂದ್ರಜಾಲ ಕಾಮಿಕ್ಸ್. ಟೈಮ್ಸ್ ಆಫ್ ಇಂಡಿಯಾ ಬಳಗದವರು 1964ರ ಮಾರ್ಚಿನಲ್ಲಿ ಆರಂಭಿಸಿದ ಈ ಮಾಲೆ 1990ರಲ್ಲಿ ನಿಂತುಹೋಯಿತು. ಲೀ ಫಾಕ್ ಸೃಷ್ಟಿಸಿದ ಫ್ಯಾಂಟಮ್ ಅದರ ನಾಯಕ. ಅವನ ಕಾಡಿಗೆ ಆ ಪುಸ್ತಕಗಳಲ್ಲಿ ಡೆಂಕಾಲಿ ಎಂದು ಹೆಸರು. ನಮ್ಮ ಶಾಲೆಯ ಹಿಂದಿನ ಅಡಿಕೆ ತೋಟವೂ ಎಷ್ಟೋ ವರ್ಷ ಡೆಂಕಾಲಿಯೇ ಆಗಿತ್ತು. ಕೈಯ ಮೇಲೆ ಶಾಯಿಯಲ್ಲಿ ತಲೆಬುರುಡೆಯ ಗುರುತು ಬರೆದುಕೊಂಡು ಬಂದವರಿಗೆ ನಾನು ಏಟು ಕೊಟ್ಟದ್ದೂ ಉಂಟು.

ಎರಡನೆಯವು ಅಮರ ಚಿತ್ರ ಕಥೆಗಳು. ಈ ಮಾಲೆಯನ್ನು ದೇಶಕ್ಕೆಲ್ಲ ಪರಿಚಯಿಸಿದ ಅನಂತ ಪೈ ಅವರು ನಮ್ಮ ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದವರು, 2011ರಲ್ಲಿ ತೀರಿಕೊಂಡರು. ಆದರೆ ಇದರ ಬೀಜ ಮೊಳೆತದ್ದು ಕನ್ನಡದಲ್ಲಿ ಎಂಬುದನ್ನು ಬಹಳ ಮಂದಿ ಅರಿಯರು. ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ 1965ರಲ್ಲಿ ಮೊದಲ ಹತ್ತು ಪುಸ್ತಕಗಳು ಕನ್ನಡದಲ್ಲಿ ಬಂದವು. ಅವು ಸಿಂಡರೆಲ್ಲಾಳಂತಹ ಪಾಶ್ಚಾತ್ಯ ಕಥೆಗಳು. ಪೈ ಅವರ 'ಕೃಷ್ಣ'ನಿಗೆ ಹನ್ನೊಂದನೆಯ ಸಂಖ್ಯೆ ಬಂದದ್ದು ಈ ಕಾರಣದಿಂದ.

ಡಿಸೆಂಬರಿನಲ್ಲಿ ನನ್ನ ಮಗಳ ಮಗ ಅಮೆರಿಕದಿಂದ ಬಂದನು. ಅವನಿಗೆ ಹಳೆಯ ಚಿತ್ರಕಥೆಗಳನ್ನು ಸಂಗ್ರಹಿಸುವ ಹವ್ಯಾಸ. ಟ್ರಂಕನ್ನು ಕಂಡವನೇ ಕೈ ತೊಳೆದುಕೊಂಡು ಒರೆಸಿ ಬಂದು, ಚಾಪೆಯ ಮೇಲೆ ಬಿಳಿಯ ಪಂಚೆ ಹಾಸಿ, ಒಂದೊಂದೇ ಪುಸ್ತಕವನ್ನು ತೆಗೆದಿಡತೊಡಗಿದನು. ನಾನು ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಅಂಕ ಹಾಕಿದವನು. ಈಗ ಅವನು ಪುಸ್ತಕಗಳಿಗೆ ಅಂಕ ಹಾಕುವ ಕ್ರಮವನ್ನು ನನಗೆ ಪಾಠ ಹೇಳಿದನು.

ಅಮೆರಿಕದಲ್ಲಿ ರಾಬರ್ಟ್ ಓವರ್‌ಸ್ಟ್ರೀಟ್ ಎಂಬವರು 1970ರಲ್ಲಿ ಹಳೆಯ ಕಾಮಿಕ್ಸ್‌ಗಳ ಬೆಲೆಯ ಕೈಪಿಡಿಯನ್ನು ಹೊರತಂದರು. ಅಲ್ಲಿಂದ ಮುಂದೆ ಈ ಹವ್ಯಾಸಕ್ಕೊಂದು ಶಿಸ್ತು ಬಂತು. ಈಗ ಅಂಕಗಳು ಅರ್ಧದಿಂದ ಹತ್ತರವರೆಗೆ. 2000ದಲ್ಲಿ ಆರಂಭವಾದ ಸಿಜಿಸಿ ಎಂಬ ಸಂಸ್ಥೆಯು ಪುಸ್ತಕವನ್ನು ಪರೀಕ್ಷಿಸಿ, ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿ ಕೊಡುತ್ತದೆ. ಆಮೇಲೆ ಅದನ್ನು ಓದುವಂತಿಲ್ಲ, ನೋಡಬಹುದು ಅಷ್ಟೆ. ಬೆನ್ನು ಮಡಿಚಿದ್ದರೆ, ಪಿನ್ನು ತುಕ್ಕು ಹಿಡಿದಿದ್ದರೆ, ಪುಟ ಹಳದಿಯಾಗಿದ್ದರೆ, ಮುಖಪುಟದ ಮೇಲೆ ಹೆಸರು ಬರೆದಿದ್ದರೆ ಅಂಕ ಇಳಿಯುತ್ತದೆ. ನನಗೆ ನಗು ಬಂದದ್ದು ಒಂದು ವಿಷಯಕ್ಕೆ. ಅವರ ಲೆಕ್ಕದಲ್ಲಿ 'ಗುಡ್' ಎಂದರೆ ಹತ್ತಕ್ಕೆ ಎರಡು! ನನ್ನ ಕೈಯಲ್ಲಿ ಹತ್ತಕ್ಕೆ ಎರಡು ಪಡೆದವರು ಯಾರೂ 'ಗುಡ್' ಅನ್ನಿಸಿಕೊಂಡವರಲ್ಲ.

ಇದೆಲ್ಲ ಹುಡುಗಾಟವೆಂದು ತಿಳಿಯಬೇಡಿ. 1939ರ 'ಸೂಪರ್‌ಮ್ಯಾನ್' ಮೊದಲ ಸಂಚಿಕೆಯ ಒಂದು ಪ್ರತಿ, ಮೂವರು ಅಣ್ಣತಮ್ಮಂದಿರಿಗೆ ತೀರಿಕೊಂಡ ತಾಯಿಯ ಮನೆಯ ಅಟ್ಟದಲ್ಲಿ ಸಿಕ್ಕಿತಂತೆ. ಒಂಬತ್ತು ಅಂಕ ಪಡೆದ ಆ ಪ್ರತಿ 2025ರ ನವೆಂಬರಿನ ಹರಾಜಿನಲ್ಲಿ 91 ಲಕ್ಷದ 20 ಸಾವಿರ ಡಾಲರಿಗೆ ಹೋಯಿತು. ಮೊಮ್ಮಗನು ಇದನ್ನು ಹೇಳಿದಾಗ ನನ್ನ ದೃಷ್ಟಿಯೂ ಒಂದು ಕ್ಷಣ ಟ್ರಂಕಿನತ್ತ ಹೊರಳಿತು ಎಂದು ಒಪ್ಪಿಕೊಳ್ಳುತ್ತೇನೆ.

ನಮ್ಮ ಪುಸ್ತಕಗಳು ಪರೀಕ್ಷೆಯಲ್ಲಿ ಸಾಲಾಗಿ ಅನುತ್ತೀರ್ಣವಾದವು. ಮಲೆನಾಡಿನ ಮಳೆ ಅವುಗಳನ್ನು ಬಿಟ್ಟಿರಲಿಲ್ಲ. ಕೆಲವಕ್ಕೆ ಬೂಷ್ಟು, ಕೆಲವಕ್ಕೆ ಹುಳು. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಲಿಗ್ನಿನ್ ಎಂಬ ಅಂಶ ಉಳಿದಿರುತ್ತದೆ. ಬೆಳಕು ಗಾಳಿಗಳು ತಾಗಿದಂತೆ ಅದು ಹಳದಿಯಾಗುತ್ತದೆ, ಕಾಗದದಲ್ಲಿ ಆಮ್ಲ ಹೆಚ್ಚಿ ಹಪ್ಪಳದಂತೆ ಮುರಿಯುತ್ತದೆ. ಹೊರಗಿನ ಶತ್ರುಗಿಂತ ಒಳಗಿನದೇ ಹೆಚ್ಚು ಎಂದಾಯಿತು.

ಕೊನೆಗೆ ಅವನ ಕೈಗೆ ಬಂದದ್ದು ಕನ್ನಡದ 'ಕೃಷ್ಣ'. ಬೆನ್ನು ಹರಿದು, ಅದನ್ನು ಯಾರೋ ಕೆಂಪು ದಾರದಲ್ಲಿ ಅಚ್ಚುಕಟ್ಟಾಗಿ ಹೊಲಿದಿದ್ದರು. ಮುಖಪುಟದ ಮೇಲೆ ಹುಡುಗನೊಬ್ಬನ ಹೆಸರು. ಹಿಂಬದಿಯ ಒಳಪುಟದಲ್ಲಿ ಪೆನ್ಸಿಲಿನಿಂದ ಬರೆದ ಹನ್ನೊಂದು ಹೆಸರುಗಳು, ಎದುರಿಗೆ ದಿನಾಂಕ, ಅದರ ಎದುರಿಗೆ ಐದು ಪೈಸೆ.

"ಇದಕ್ಕೆ ಒಂದು ಅಂಕ ಅಜ್ಜ. ಹೆಚ್ಚೆಂದರೆ ಒಂದೂವರೆ."

"ಹೊಲಿಗೆ ಬಿಚ್ಚಿ ಹೊಸ ಪಿನ್ನು ಹಾಕಿದರೆ?"

"ಬೇಡ ಅಜ್ಜ. ದುರಸ್ತಿಯಾದದ್ದು ಗೊತ್ತಾದರೆ ನೇರಳೆ ಚೀಟಿ ಹಚ್ಚುತ್ತಾರೆ, ಬೆಲೆ ಇನ್ನೂ ಇಳಿಯುತ್ತದೆ. ಅಲ್ಲದೆ, ಮರಳಿ ತೆಗೆಯಲಾಗದ ಯಾವುದನ್ನೂ ಹಳೆಯ ಪುಸ್ತಕಕ್ಕೆ ಮಾಡಬಾರದು."

ಆ ಮಾತು ನನ್ನನ್ನು ತಟ್ಟಿತು. ಆ ಹುಡುಗ ನನಗೆ ಚೆನ್ನಾಗಿ ನೆನಪಿದ್ದನು. 1978, ಒಂಬತ್ತನೆಯ ತರಗತಿ. ತಂದೆ ಅಡಿಕೆ ಕೊನೆ ಕೊಯ್ಯುವವನು. ಹುಡುಗ ತನ್ನ ಪುಸ್ತಕಗಳನ್ನು ರಾತ್ರಿಯೊಂದಕ್ಕೆ ಐದು ಪೈಸೆಯಂತೆ ಬಾಡಿಗೆಗೆ ಕೊಟ್ಟು, ಬಂದ ಹಣದಲ್ಲಿ ನೋಟು ಪುಸ್ತಕ ಕೊಳ್ಳುತ್ತಿದ್ದನು. ನಾನದನ್ನು ವಿಚಾರಿಸಲಿಲ್ಲ. ಶಾಲೆಯಲ್ಲಿ ವ್ಯಾಪಾರವೇ ಎಂದು ಗದರಿಸಿ, ಅವನ ಚೀಲವನ್ನು ಮೇಜಿನ ಮೇಲೆ ಸುರಿದು, ಇದ್ದದ್ದನ್ನೆಲ್ಲ ತೆಗೆದುಕೊಂಡೆ. ದಸರಾ ರಜೆಯ ನಂತರ ಅವನು ಶಾಲೆಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಗೆರೆ ಎಳೆದವನೂ ನಾನೇ.

ನಿಮ್ಮಲ್ಲೇ ಒಬ್ಬರು ಅವನ ದೂರವಾಣಿ ಸಂಖ್ಯೆಯನ್ನು ಹುಡುಕಿ ಕೊಟ್ಟರು. ಸಂಕೋಚದಿಂದಲೇ ಕರೆ ಮಾಡಿದೆ. ಈಗ ಅವರಿಗೆ ಅರವತ್ತು ದಾಟಿದೆ, ದಿನಸಿ ಅಂಗಡಿ ಇಟ್ಟಿದ್ದಾರೆ. ನಾನು ಹೆಸರು ಹೇಳಿದೊಡನೆ "ನಮಸ್ಕಾರ ಸಾರ್" ಎಂದರು. ಎದ್ದು ನಿಂತರೆಂದು ಧ್ವನಿಯಿಂದಲೇ ತಿಳಿಯಿತು. ಆ ದಸರೆಯಲ್ಲಿ ಅವರ ತಂದೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡರಂತೆ. ಶಾಲೆ ಬಿಟ್ಟದ್ದು ಅದಕ್ಕಾಗಿ. "ನಿಮ್ಮಿಂದಲ್ಲ ಸಾರ್" ಎಂದು ಎರಡು ಬಾರಿ ಹೇಳಿದರು. ಕೆಂಪು ದಾರದ ಹೊಲಿಗೆ ಅವರ ತಾಯಿಯದು. ತಾಯಿ ಈಗಿಲ್ಲ.

"ನಿಮ್ಮ ಆರು ಪುಸ್ತಕಗಳು ನನ್ನಲ್ಲಿ ಭದ್ರವಾಗಿವೆ" ಎಂದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಬಹಳ ವಿನಯದಿಂದ, "ಏಳು ಇದ್ದವು ಸಾರ್" ಎಂದರು.

ಏಳನೆಯದು ಏನಾಯಿತೆಂದು ನನಗೆ ಗೊತ್ತು. ಆ ವಾರ ನನ್ನ ಮಗಳಿಗೆ ದಡಾರ ಬಂದಿತ್ತು. ಏಳು ವರ್ಷದ ಮಗು ಮಲಗಿದಲ್ಲೇ ಅಳುತ್ತಿದ್ದಳು. ಅವಳಿಗೆಂದು ಆ ರಾಶಿಯಿಂದ ಒಂದು ಫ್ಯಾಂಟಮ್ ಪುಸ್ತಕವನ್ನು ಮನೆಗೆ ಒಯ್ದೆ. ಓದಿ ಓದಿ ಅದು ಪುಟಪುಟವಾಗಿ ಬಿಡಿಹೋಯಿತು. ಪರರ ಮಗುವಿಗೆ ಕೆಡುಕೆಂದು ಕಿತ್ತುಕೊಂಡದ್ದನ್ನು ನನ್ನ ಮಗುವಿಗೆ ಔಷಧವೆಂದು ಕೊಟ್ಟೆ. ಇದನ್ನು ನಾನು ಇಂದಿನವರೆಗೆ ಯಾರಿಗೂ ಹೇಳಿರಲಿಲ್ಲ. ಅವರಿಗೆ ಅಂದೇ ಹೇಳಿದೆ. ಅವರು ನಕ್ಕು, "ಅಕ್ಕನಿಗೆ ಇಷ್ಟವಾಯಿತಾ ಸಾರ್?" ಎಂದು ಕೇಳಿದರು. ನನ್ನ ಮಗಳು ಅವರಿಗಿಂತ ಏಳೆಂಟು ವರ್ಷ ಚಿಕ್ಕವಳು.

ಯುಗಾದಿಗೆ ಅವರು ನಮ್ಮ ಮನೆಗೆ ಬರುವವರಿದ್ದಾರೆ. ಮೊಮ್ಮಗನು ಆರು ಪುಸ್ತಕಗಳನ್ನೂ ಪಾಲಿಯೆಸ್ಟರ್ ಹೊದಿಕೆಯೊಳಗೆ, ಆಮ್ಲವಿಲ್ಲದ ರಟ್ಟಿನೊಡನೆ ಸೇರಿಸಿ ಇಟ್ಟು ಹೋಗಿದ್ದಾನೆ. ಹೊಲಿಗೆಯನ್ನು ಮುಟ್ಟಿಲ್ಲ. ಏಳನೆಯದರ ಇನ್ನೊಂದು ಪ್ರತಿಗಾಗಿ ಹುಡುಕುತ್ತಿದ್ದಾನೆ. ಬೆಲೆ ಎಷ್ಟಾದರೂ ಅಜ್ಜನ ಪಿಂಚಣಿಯಿಂದಲೇ ಎಂದು ಹೇಳಿದ್ದೇನೆ.

ಉಳಿದ ಮೂವತ್ತೇಳು ನಿಮ್ಮವು. ಹೆಚ್ಚಿನವುಗಳ ಮೇಲೆ ಹೆಸರಿದೆ, ಅಂಕ ಕಳೆದರೆ ಕಳೆಯಲಿ. ಬಂದು ತೆಗೆದುಕೊಂಡು ಹೋಗಿ. ಮನೆಗೆ ಒಯ್ದ ಮೇಲೆ ಸೆಲೋಟೇಪು ಅಂಟಿಸಬೇಡಿ, ಅದರ ಗೋಂದು ಕಾಗದವನ್ನು ಕಂದಾಗಿಸುತ್ತದೆ. ಲ್ಯಾಮಿನೇಷನ್ ಮಾಡಿಸಬೇಡಿ. ಅಟ್ಟದಲ್ಲಿ ಇಡಬೇಡಿ, ಬಿಸಿಲಿಗೂ ಇಡಬೇಡಿ. ಒಣಗಿದ, ತಂಪಾದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿ. ನಡುನಡುವೆ ತೆಗೆದು ಮಕ್ಕಳಿಗೆ ಓದಲು ಕೊಡಿ.

ತಂದೆಯವರನ್ನು ಕರೆತರಬೇಕಾಗಿಲ್ಲ. ತಪ್ಪೊಪ್ಪಿಗೆಯ ಪತ್ರವನ್ನು ಈ ಬಾರಿ ನಾನೇ ಬರೆದಿದ್ದೇನೆ. ನೀವು ಈಗ ಓದಿದ್ದು ಅದನ್ನೇ.