ಕನ್ನಡಕ ಹೊತ್ತ ಅಪವಾದ

‘ಒಂದ್ಸಲ ಹಾಕ್ಕೊಂಡ್ರೆ ಮುಗೀತು, ಆಮೇಲೆ ಅದಿಲ್ದೆ ಏನೂ ಕಾಣ್ಸಲ್ಲ.’ ಕನ್ನಡಕದ ವಿಚಾರದಲ್ಲಿ ಈ ಮಾತು ಕೇಳಿಬರದ ಮನೆ ನಮ್ಮ ಕಡೆ ಇರಲಾರದು. ನಮ್ಮ ದೊಡ್ಡಮ್ಮ ಇದನ್ನು ಗಟ್ಟಿಯಾಗಿ ನಂಬಿದ್ದವರು. ಅಕ್ಕಿಯಲ್ಲಿ ಕಲ್ಲು ಆರಿಸಲು ಕೂತರೆ ಮೊದಲೆಲ್ಲ ಮೊರ ಅವರ ತೊಡೆಯ ಮೇಲಿರುತ್ತಿತ್ತು. ಬರಬರುತ್ತ ಮೊಣಕಾಲಿನಾಚೆ ಸರಿಯಿತು. ಆಮೇಲೆ ಬೆಳಕು ಸಾಲದೆ ಮೊರ ಎತ್ತಿಕೊಂಡು ಜಗಲಿಗೇ ಬಂದರು. ಸೂಜಿಗೆ ದಾರ ಪೋಣಿಸಲು ಮನೆಯ ಮಕ್ಕಳನ್ನೆಲ್ಲ ಕರೆಯುತ್ತಿದ್ದರು. ಚಾಳೀಸು ಮಾತ್ರ ಬೇಡವೇ ಬೇಡ. ‘ಕಣ್ಣಿಗೆ ಊರುಗೋಲು ಕೊಟ್ರೆ ಅದು ನಡೆಯೋದನ್ನೇ ಮರ್ತುಬಿಡುತ್ತೆ ಕಣಪ್ಪ’ ಅನ್ನುತ್ತಿದ್ದರು.

ದೊಡ್ಡಮ್ಮನ ಹೋಲಿಕೆ ಕೇಳಲು ಚೆನ್ನಾಗಿದೆ. ಕಣ್ಣು ಕೆಲಸ ಮಾಡುವ ಬಗೆಯೇ ಬೇರೆ. ಹತ್ತಿರದ ವಸ್ತು ಸ್ಪಷ್ಟವಾಗಬೇಕಾದರೆ ಕಣ್ಣೊಳಗಿನ ಮಸೂರ ಉಬ್ಬಬೇಕು. ಹತ್ತು ವರ್ಷದ ಮಗುವಿನ ಮಸೂರ ಎಷ್ಟು ಮೆದುವೆಂದರೆ, ಮುಖದಿಂದ ನಾಲ್ಕು ಬೆರಳು ದೂರದಲ್ಲಿ ಹಿಡಿದ ಇರುವೆಯ ಕಾಲುಗಳೂ ಅದಕ್ಕೆ ಬಿಡಿಬಿಡಿಯಾಗಿ ಕಾಣುತ್ತವೆ. ವರ್ಷ ಕಳೆದಂತೆ ಮಸೂರ ಬಿರುಸಾಗುತ್ತ ಹೋಗುತ್ತದೆ. ನಲವತ್ತು ದಾಟಿದ ಮೇಲೆ ಪೇಪರನ್ನು ದೂರ ಹಿಡಿಯುವ ಕಾಲ ಬರುತ್ತದೆ. ಅರವತ್ತರ ಹೊತ್ತಿಗೆ ಮಸೂರ ಉಬ್ಬುವುದೇ ಹೆಚ್ಚುಕಮ್ಮಿ ನಿಂತುಹೋಗುತ್ತದೆ. ಬಿರುಸಾದ ಮಸೂರವನ್ನು ಯಾವ ವ್ಯಾಯಾಮವೂ ಮೆದು ಮಾಡದು. ನಲವತ್ತೈದಕ್ಕೆ ಕನ್ನಡಕ ಕೊಂಡವರಿಗೂ ಹಟ ಹಿಡಿದು ಕೊಳ್ಳದವರಿಗೂ ಇದು ಒಂದೇ ಲೆಕ್ಕದಲ್ಲಿ ನಡೆಯುತ್ತದೆ. ಕೊಂಡವರ ಪಾಯಿಂಟು ಒಂದರಿಂದ ಎರಡೂವರೆಗೆ ಏರಿದ್ದು ಚೀಟಿಯಲ್ಲಿ ದಾಖಲಾಗುತ್ತದೆ, ಕೊಳ್ಳದವರದು ದಾಖಲಾಗುವುದಿಲ್ಲ, ಅಷ್ಟೇ.

ವಿಜಯನಗರದ ವ್ಯಾಸರಾಯರಿಗೂ ಇದು ತಪ್ಪಿರಲಿಲ್ಲ. ಅವರ ಕಾಲದವನೇ ಆದ ಸೋಮನಾಥ ಕವಿ ತನ್ನ ‘ವ್ಯಾಸಯೋಗಿಚರಿತ’ದಲ್ಲಿ ಅವರು ಕನ್ನಡಕ ಧರಿಸಿ ಓದುತ್ತಿದ್ದುದನ್ನು ಬರೆದಿದ್ದಾನೆ. 1520ರ ಸುಮಾರಿನ ಸಂಗತಿ. ನಮ್ಮ ದೇಶದಲ್ಲಿ ಕನ್ನಡಕದ ಬಗ್ಗೆ ಸಿಗುವ ಬಹಳ ಹಳೆಯ ಉಲ್ಲೇಖಗಳಲ್ಲಿ ಇದೂ ಒಂದು. ತಾಳೆಗರಿಯ ಸಣ್ಣ ಅಕ್ಷರಗಳು ಆ ವಯಸ್ಸಿನಲ್ಲಿ ಮತ್ತೆ ಮೂಡಿಬಂದಾಗ ಆ ವಿದ್ವಾಂಸರಿಗೆ ಎಷ್ಟು ಹಿಗ್ಗಾಗಿರಬೇಡ!

‘ಹಾಕಿಕೊಂಡ ಮೇಲೇ ಕಣ್ಣು ಮಂಜಾಯಿತು’ ಅನ್ನುವವರ ಅನುಭವ ಸುಳ್ಳಲ್ಲ. ಕನ್ನಡಕದಂಗಡಿಯಲ್ಲಿ ಕಣ್ಣು ತೋರಿಸಿಕೊಂಡವರಿಗೆ ಆ ಭಾರದ ಗುಂಡು ಫ್ರೇಮು ನೆನಪಿರುತ್ತದೆ. ಮೂಗಿನ ಮೇಲೆ ಕೂತು ಒತ್ತುತ್ತದೆ. ಪೆಟ್ಟಿಗೆಯ ಸಾಲಿನಿಂದ ಒಂದೊಂದೇ ಗಾಜು ತೆಗೆದು, ಟಕ್ಕೆಂದು ಸಿಕ್ಕಿಸಿ, ‘ಇದು ಚೆನ್ನಾಗಿದ್ಯಾ, ಇದಾ?’ ಎಂದು ಕೇಳುತ್ತಾರೆ. ಎದುರಿನ ಗೋಡೆಯ ಮೇಲೆ ಬೂದಿಯಂತೆ ಹರಡಿಕೊಂಡಿದ್ದ ಕೊನೆಯ ಸಾಲು ಯಾವುದೋ ಒಂದು ಗಾಜಿಗೆ ಥಟ್ಟನೆ ಅಕ್ಷರಗಳಾಗಿ ನಿಲ್ಲುತ್ತದೆ. ನನಗೆ ಇಂದಿಗೂ ಆ ಗಳಿಗೆ ಬಲು ಪ್ರಿಯ. ಅಲ್ಲಿಯವರೆಗೆ ಮಿದುಳು ಮಸುಕಿನಲ್ಲೇ ಅಂದಾಜು ಮಾಡಿಕೊಂಡು, ಕಣ್ಣು ಕಿರಿದುಗೊಳಿಸಿ, ಹೇಗೋ ಸಂಭಾಳಿಸಿರುತ್ತದೆ. ಸ್ಪಷ್ಟತೆಯ ರುಚಿ ಹತ್ತಿದ ಮೇಲೆ ಕನ್ನಡಕ ತೆಗೆದರೆ ಹಳೆಯ ಮಸುಕೇ ಹೊಸದಾಗಿ ಕಾಣುತ್ತದೆ. ಕಣ್ಣು ಇದ್ದ ಹಾಗೇ ಇರುತ್ತದೆ, ಬದಲಾಗಿರುವುದು ನಮ್ಮ ಅಳತೆಗೋಲು.

ಆ ಗಾದೆಯಂಥ ಮಾತು ಹುಟ್ಟಲು ಇನ್ನೊಂದು ಕಾರಣವೂ ಇದ್ದೀತು ಎಂದು ನನ್ನ ಊಹೆ. ಬೀಳಗಿಯಿಂದ ಬಂದ ಡಾ. ಎಂ.ಸಿ. ಮೋದಿಯವರು ಊರೂರಲ್ಲಿ ಶಿಬಿರ ಹೂಡಿ ಸಾಲುಸಾಲಾಗಿ ಕಣ್ಣಿನ ಪೊರೆ ತೆಗೆಯುತ್ತಿದ್ದ ಕಾಲದಲ್ಲಿ, ತೆಗೆದ ಮಸೂರದ ಜಾಗದಲ್ಲಿ ಬೇರೆ ಮಸೂರ ಕೂರಿಸುವ ಪದ್ಧತಿ ಇನ್ನೂ ಬಳಕೆಗೆ ಬಂದಿರಲಿಲ್ಲ. ಅದರ ಕೆಲಸವನ್ನು ಹೊರಗಿನಿಂದ ಮಾಡುತ್ತಿದ್ದುದು ಸುಮಾರು ಹತ್ತು ಪಾಯಿಂಟಿನ ಸೋಡಾಬುಡ್ಡಿ ಕನ್ನಡಕ. ಅದರೊಳಗಿಂದ ಲೋಕವೆಲ್ಲ ಕಾಲುಭಾಗದಷ್ಟು ದೊಡ್ಡದಾಗಿ ಕಾಣುತ್ತಿತ್ತು. ತೆಗೆದಿಟ್ಟರೆ ಎದುರಿಗಿದ್ದವರ ಮುಖವೂ ಕರಗಿಹೋಗುತ್ತಿತ್ತು. ಅದಿಲ್ಲದೆ ಏನೂ ಕಾಣುವುದಿಲ್ಲ ಎಂಬುದು ಆ ಅಜ್ಜ ಅಜ್ಜಿಯರ ಪಾಲಿಗೆ ಅಕ್ಷರಶಃ ನಿಜ. ಅವರನ್ನು ನೋಡುತ್ತ ಬೆಳೆದವರು ಎಲ್ಲ ಕನ್ನಡಕಕ್ಕೂ ಅದೇ ಅಪವಾದ ಹೊರಿಸಿದರೇನೋ.

ದೊಡ್ಡವರು ಹಾಕಿದರೂ ಬಿಟ್ಟರೂ ಕಣ್ಣಿಗೆ ಕೇಡಿಲ್ಲ. ತಲೆನೋವು, ಮೊರದಲ್ಲಿ ಉಳಿದ ಕಲ್ಲು, ಇಷ್ಟರಲ್ಲೇ ಮುಗಿಯಿತು. ನನ್ನ ಸಂಕಟವೆಲ್ಲ ಮಕ್ಕಳ ವಿಷಯದಲ್ಲಿ. ದೂರದ್ದು ಕಾಣದ ಮಗುವಿನ ಕಣ್ಣುಗುಡ್ಡೆ ಮೈ ಬೆಳೆದಂತೆ ಹಿಂದಕ್ಕೆ ಉದ್ದವಾಗುತ್ತಿರುತ್ತದೆ. ಒಂದು ಮಿಲಿಮೀಟರ್ ಉದ್ದವಾದರೆ ಸಾಕು, ಎರಡೂವರೆ ಮೂರು ಪಾಯಿಂಟು ಏರಿತೆಂದೇ ಲೆಕ್ಕ. ಆ ಏರಿಕೆಯನ್ನು ಕನ್ನಡಕದ ತಲೆಗೆ ಕಟ್ಟಿ, ‘ಸ್ವಲ್ಪ ಕಮ್ಮಿ ಪವರ್‌ದೇ ಕೊಡಿ ಸಾರ್’ ಎಂದು ಕೇಳುವ ತಂದೆತಾಯಿಗಳಿದ್ದಾರೆ. ಮಲೇಷ್ಯಾದಲ್ಲಿ 94 ಮಕ್ಕಳ ಮೇಲೆ ಇದನ್ನೇ ಪರೀಕ್ಷಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವರಿಗೆ ಪೂರ್ತಿ ಪವರಿನ ಕನ್ನಡಕ, ಉಳಿದವರಿಗೆ 0.75 ಕಡಿಮೆಯದು. ಎರಡು ವರ್ಷದಲ್ಲಿ ಕಡಿಮೆ ಪವರಿನವರ ದೋಷವೇ ಹೆಚ್ಚು ಬೆಳೆದಿತ್ತು. ಆಮೇಲಿನ ಅಧ್ಯಯನಗಳೆಲ್ಲ ಇಷ್ಟು ಖಡಾಖಂಡಿತವಾಗಿಲ್ಲ. ಆದರೂ ಪವರ್ ಇಳಿಸಿ ಕಣ್ಣು ಉಳಿಸುವ ಲೆಕ್ಕಾಚಾರವನ್ನು ನಾನಂತೂ ನಂಬಲಾರೆ. ಬಿಸಿಲಿನ ಮೇಲೆ ನನಗೆ ಹೆಚ್ಚು ನಂಬಿಕೆ. ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ತರಗತಿಯ ಮಕ್ಕಳನ್ನು ಶಾಲೆಯಲ್ಲಿ ದಿನಾ 40 ನಿಮಿಷ ಹೆಚ್ಚಾಗಿ ಬಯಲಿಗೆ ಬಿಟ್ಟರು. ಮೂರು ವರ್ಷದಲ್ಲಿ ದೂರದೃಷ್ಟಿ ಮಸುಕಾದವರು ಆ ಶಾಲೆಗಳಲ್ಲಿ ನೂರಕ್ಕೆ ಸುಮಾರು 30, ಉಳಿದ ಶಾಲೆಗಳಲ್ಲಿ ಸುಮಾರು 40.

ಇದಕ್ಕಿಂತ ದೊಡ್ಡ ನಷ್ಟ ಸದ್ದಿಲ್ಲದೆ ಆಗುತ್ತದೆ. ಕೆಲವು ಮಕ್ಕಳಿಗೆ ಒಂದು ಕಣ್ಣು ಸರಿಯಿದ್ದು ಇನ್ನೊಂದರಲ್ಲಿ ಮಾತ್ರ ಹೆಚ್ಚಿನ ದೋಷವಿರುತ್ತದೆ. ಮಸುಕು ಚಿತ್ರ ಕಳಿಸುವ ಕಣ್ಣನ್ನು ಮಿದುಳು ಮೆಲ್ಲಗೆ ಲೆಕ್ಕದಿಂದ ಬಿಟ್ಟುಬಿಡುತ್ತದೆ. ಸೋಮಾರಿ ಕಣ್ಣು ಅನ್ನುವುದು ಇದನ್ನೇ. ಏಳೆಂಟು ವರ್ಷದೊಳಗೆ ಕನ್ನಡಕ ಹಾಕಿಸಿ, ಬೇಕಾದರೆ ಒಳ್ಳೆಯ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಪಟ್ಟಿ ಕಟ್ಟಿದರೆ, ಮಿದುಳು ನೋಡುವುದನ್ನು ಬಹುಮಟ್ಟಿಗೆ ಕಲಿಯುತ್ತದೆ. ಆ ವಯಸ್ಸು ಕಳೆದಷ್ಟೂ ಕಷ್ಟ. ಇಪ್ಪತ್ತರಲ್ಲಿ ಎಂಥ ದುಬಾರಿ ಕನ್ನಡಕ ತಂದರೂ ಆ ಕಣ್ಣಿಗೆ ಪೂರ್ತಿ ದೃಷ್ಟಿ ಬರುವುದು ಅಪರೂಪ. ಕನ್ನಡಕದಿಂದ ಕಣ್ಣು ಕೆಡುತ್ತದೆಂದು ದೂರವಿಟ್ಟ ಮನೆಯಲ್ಲೇ ಕನ್ನಡಕವಿಲ್ಲದೆ ಕಣ್ಣು ಕೆಡುತ್ತದೆ. ಹುಡುಗಿಯಾದರಂತೂ ‘ಈಗ್ಲೇ ಕನ್ನಡಕ ಹಾಕಿಸಿದ್ರೆ ನಾಳೆ ಗಂಡು ಹುಡ್ಕೋದು ಹೇಗೆ’ ಎಂಬ ಮಾತು ಆರು ವರ್ಷದ ಕೂಸಿನೆದುರೇ ಬರುತ್ತದೆ. ಇದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ನೆತ್ತಿಗೇರುತ್ತದೆ.

ಹಾಗಾಗಿ ಚಿಕ್ಕ ಮಕ್ಕಳಿರುವ ಮನೆಗೆ ಹೋದರೆ ನಾನೊಂದು ಆಟ ಆಡಿಸುತ್ತೇನೆ. ಗೋಡೆಯ ಕ್ಯಾಲೆಂಡರಿನಿಂದ ಆರೇಳು ಹೆಜ್ಜೆ ದೂರ ನಿಲ್ಲಿಸಿ, ಅಂಗೈಯಲ್ಲಿ ಒಂದು ಕಣ್ಣು ಮುಚ್ಚಿ, ಇವತ್ತಿನ ತಾರೀಕು ಎಲ್ಲಿದೆ ತೋರಿಸು ಅನ್ನುವುದು. ಆಮೇಲೆ ಇನ್ನೊಂದು ಕಣ್ಣು. ಅಂಕಿ ಕಲಿಯದ ಕೂಸಾದರೆ ಆಟದ ಸಾಮಾನು ತೋರಿಸಿದರಾಯಿತು. ಎಡಗಣ್ಣು ಮುಚ್ಚಿದಾಗ ನಗುತ್ತಿದ್ದ ಮಗು ಬಲಗಣ್ಣು ಮುಚ್ಚಿದ ಕೂಡಲೇ ಕೈ ತಳ್ಳಿ ಅತ್ತರೆ, ಅದು ಬರೀ ತಂಟೆ ಇರಲಾರದು. ಅಂಥ ಮಗುವನ್ನು ಅದೇ ವಾರ ಕಣ್ಣಿನ ಡಾಕ್ಟರಿಗೆ ತೋರಿಸಿ ಎಂದು ಹೇಳುತ್ತೇನೆ, ತೋರಿಸಿದಿರಾ ಎಂದು ಫೋನು ಮಾಡಿ ಕೇಳುತ್ತೇನೆ ಕೂಡ.